ಡ್ಯಾನ್ಯೂಬ್ ಕ್ರೂಸ್ ಬುಕ್ ಮಾಡುವ ಮುಂಚೆ ಹಡಗಿನ ಟೈಂಟೇಬಲ್ ಕೇಳಿ

ಯೂರೋಪಿನ ರಿವರ್ ಕ್ರೂಸ್ ಹಡಗುಗಳು ಜಾಸ್ತಿ ಓಡುವುದು ರಾತ್ರಿ. ಇದನ್ನು ನಮ್ಮ ಏಜೆಂಟ್ ಹೇಳಲಿಲ್ಲ. ಬ್ರೋಷರ್‌ನಲ್ಲೂ ಇರಲಿಲ್ಲ. ಅದರಲ್ಲಿದ್ದದ್ದು ಹಗಲು ಬೆಳಕಿನಲ್ಲಿ ದ್ರಾಕ್ಷಿ ತೋಟದ ಪಕ್ಕ ಹೋಗುತ್ತಿರುವ ಬಿಳಿ ಹಡಗು, ಮೇಲೆ ಟೋಪಿ ಹಾಕಿಕೊಂಡು ಕೂತ ನಾಲ್ಕು ಜನ. ಆ ಫೋಟೋ ನಂಬಿ ದುಡ್ಡು ಕಟ್ಟಿದವರೆಲ್ಲ ಮೊದಲ ಬೆಳಿಗ್ಗೆ ಎದ್ದು ನೋಡಿದರೆ, ಹಡಗು ಆಗಲೇ ಮುಂದಿನ ಊರಿನ ದಡಕ್ಕೆ ಹಗ್ಗ ಕಟ್ಟಿಸಿಕೊಂಡು ನಿಂತಿತ್ತು.

ನಾವು ಹೋದದ್ದು ನಾಲ್ವರು. ನಾನು, ನಮ್ಮವರು, ಅಕ್ಕ, ಭಾವ. ಊರು ಸಾಗರದ ಕಡೆ, ಹಾಗಾಗಿ ಹೊಳೆಬಾಗಿಲಿನ ಲಾಂಚ್ ಬಿಟ್ಟರೆ ಹಡಗಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಹಿಡಿದದ್ದು ಎಲ್ಲರೂ ಮೊದಲ ಸಲಕ್ಕೆ ಹಿಡಿಯುವ ದಾರಿಯನ್ನೇ: ಜರ್ಮನಿಯ ಪಸೌನಿಂದ ಹಂಗೆರಿಯ ಬುಡಾಪೆಸ್ಟ್‌ವರೆಗೆ ಡ್ಯಾನ್ಯೂಬ್ ಮೇಲೆ. ಮೇ ಕೊನೆಯ ಹೊತ್ತು. ದಡದಲ್ಲಿ ಕಿಲೋಮೀಟರ್ ಬೋರ್ಡ್‌ಗಳಿರುತ್ತವೆ. ತಮಾಷೆ ಅಂದರೆ ಡ್ಯಾನ್ಯೂಬ್‌ನಲ್ಲಿ ಲೆಕ್ಕ ಶುರುವಾಗುವುದು ಕಪ್ಪು ಸಮುದ್ರದ ಕಡೆಯಿಂದ. ಪಸೌ 2226, ವಿಯೆನ್ನಾ 1929, ಬುಡಾಪೆಸ್ಟ್ 1647. ನಂಬರ್ ಇಳಿಯುತ್ತಾ ಹೋಗುತ್ತದೆ. ಭಾವನಿಗೆ ಈ ಬೋರ್ಡ್ ಓದುವುದೇ ಕೆಲಸವಾಯಿತು. ಒಟ್ಟು ಸುಮಾರು 580 ಕಿಲೋಮೀಟರ್. ಅದರಲ್ಲಿ ಬಹುಪಾಲನ್ನು ನಾವು ನಿದ್ದೆಯಲ್ಲಿ ದಾಟಿದೆವು.

ಅದಕ್ಕೇ ಹೇಳುವುದು, ಕ್ಯಾಬಿನ್ ಯಾವುದು, ಊಟ ಎಷ್ಟು ಬಗೆ ಅಂತ ಕೇಳುವ ಮುಂಚೆ ಟೈಂಟೇಬಲ್ ಕೇಳಿ. ಪ್ರತಿ ಊರಿಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಗಂಟೆಗೆ ಬಿಡುತ್ತದೆ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಈ ದಾರಿಯಲ್ಲಿ ಹಗಲಲ್ಲೇ ನೋಡಬೇಕಾದದ್ದು ಆಸ್ಟ್ರಿಯಾದ ವಾಖೌ ಕಣಿವೆ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ ಸುಮಾರು 35 ಕಿಲೋಮೀಟರ್, ಹಡಗಿಗೆ ಎರಡು ಗಂಟೆಯ ದಾರಿ. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಕಲ್ಲು ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ದ್ರಾಕ್ಷಿ ತೋಟ, ಡ್ಯೂರ್ನ್‌ಸ್ಟೈನ್‌ನ ನೀಲಿ ಬಿಳಿ ಗೋಪುರದ ಚರ್ಚು, ಅದರ ಮೇಲಿನ ಗುಡ್ಡದಲ್ಲಿ ಪಾಳುಬಿದ್ದ ಕೋಟೆ. ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಹಿಡಿದು ಕೂಡಿಹಾಕಿದ್ದು ಅಲ್ಲೇ. ಕೆಲವು ಹಡಗುಗಳು ಈ ಭಾಗವನ್ನೂ ಕತ್ತಲಲ್ಲಿ ದಾಟುತ್ತವೆ. ನಮ್ಮದು ಪುಣ್ಯಕ್ಕೆ ಮಧ್ಯಾಹ್ನ ಹೋಯಿತು. ಇಡೀ ಪ್ರವಾಸದಲ್ಲಿ ಬ್ರೋಷರ್‌ನ ಫೋಟೋಗೆ ಹೊಂದಿದ ಎರಡು ಗಂಟೆ ಅಂದರೆ ಅದೊಂದೇ.

ಇನ್ನೊಂದು ವಿಷಯ. ಪಸೌನಿಂದ ಕೆಳಗೆ ಬರುವಾಗ ನದಿಯೇ ತಳ್ಳುತ್ತದೆ. ಬುಡಾಪೆಸ್ಟ್‌ನಿಂದ ಮೇಲೆ ಹೋಗುವಾಗ ಹಡಗು ನೀರಿನ ಎದುರು ಹೋಗಬೇಕು, ಅಷ್ಟೇ ದೂರಕ್ಕೆ ಜಾಸ್ತಿ ಗಂಟೆ ಬೇಕು. ನದಿ ಮೇಲೆ ಕೂರುವುದೇ ಮುಖ್ಯ ಅನ್ನುವವರು ಎರಡೂ ದಿಕ್ಕಿನ ಟೈಂಟೇಬಲ್ ಪಕ್ಕಪಕ್ಕ ಇಟ್ಟು ನೋಡಿ. ಊರು ನೋಡುವುದು ಮುಖ್ಯ ಅನ್ನುವವರಿಗೆ ಕೆಳಮುಖವೇ ಸರಿ.

ಕ್ಯಾಬಿನ್ ವಿಷಯಕ್ಕೆ ಬರೋಣ. ಬಾಲ್ಕನಿ ಇರುವ ಕ್ಯಾಬಿನ್ ಅಂತ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಬಹಳಷ್ಟು 'ಫ್ರೆಂಚ್ ಬಾಲ್ಕನಿ'. ಅಂದರೆ ಪಕ್ಕಕ್ಕೆ ಜಾರುವ ಗಾಜಿನ ಬಾಗಿಲು, ಅದರಾಚೆ ಒಂದು ಕಂಬಿ, ಅಷ್ಟೇ. ಕಾಲಿಡಲು ಜಾಗವಿಲ್ಲ. ಅದಾದರೂ ಪರವಾಗಿಲ್ಲ. ನಮಗೆ ಗೊತ್ತಿಲ್ಲದೇ ಇದ್ದದ್ದು, ದಡದಲ್ಲಿ ಹಡಗು ಕಟ್ಟಲು ಜಾಗ ಕಡಿಮೆ ಇರುವುದರಿಂದ ಒಂದರ ಪಕ್ಕ ಒಂದು, ಕೆಲವೊಮ್ಮೆ ಮೂರು ಹಡಗು ತಾಗಿಸಿ ಕಟ್ಟುತ್ತಾರೆ ಅನ್ನುವುದು. ದಡಕ್ಕೆ ಹೋಗಬೇಕಾದರೆ ಪಕ್ಕದ ಹಡಗಿನ ಲಾಬಿ ಹಾಯ್ದು ಹೋಗಬೇಕು. ವಿಯೆನ್ನಾದಲ್ಲಿ ಬೆಳಿಗ್ಗೆ ಅಕ್ಕ ಪರದೆ ಸರಿಸಿದಳು. ಎದುರಿಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಬನಿಯನ್ ಹಾಕಿದ ಅಜ್ಜನೊಬ್ಬ ಹಲ್ಲುಜ್ಜುತ್ತಾ ನಿಂತಿದ್ದ. ಅವನು ಬ್ರಷ್ ಹಿಡಿದ ಕೈ ಎತ್ತಿ ಗುಡ್ ಮಾರ್ನಿಂಗ್ ಹೇಳಿದ. 'ಪರದೆ ಎಳಿ ಮಾರಾಯ್ತಿ' ಅಂದಳು ಅಕ್ಕ, ಎಳೆಯಬೇಕಾದವಳು ಅವಳೇ ಆಗಿದ್ದರೂ. ಆ ಬಾಲ್ಕನಿಗೆ ನಾವು ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ವಿಯೆನ್ನಾದಲ್ಲಿ ಒಂದು ಒಳ್ಳೆಯ ಹೋಟೆಲ್ ರೂಮು ಬರುತ್ತಿತ್ತು.

ನನ್ನ ಸಲಹೆ, ನಡುವಿನ ಡೆಕ್, ಹಡಗಿನ ಮಧ್ಯಭಾಗದ ಕ್ಯಾಬಿನ್. ತೀರಾ ಕೆಳಗಿನ ಡೆಕ್ ಅಗ್ಗ, ಆದರೆ ಕಿಟಕಿ ಮೇಲಕ್ಕಿರುತ್ತದೆ, ಚಿಕ್ಕದು, ತೆರೆಯುವುದಿಲ್ಲ. ಹಿಂದಿನ ತುದಿಯಲ್ಲಿ ಎಂಜಿನ್ ಸದ್ದು. ಮುಂದಿನ ತುದಿಯಲ್ಲಿ ಲಾಕ್ ಬಂದಾಗಲೆಲ್ಲ ಗುಡುಗು. ಲಾಕ್ ಅಂದರೆ ಅಣೆಕಟ್ಟಿನ ಪಕ್ಕ ಹಡಗನ್ನು ಒಂದು ತೊಟ್ಟಿಯಲ್ಲಿ ನಿಲ್ಲಿಸಿ, ನೀರು ಬಿಟ್ಟು ಕೆಳಗಿಳಿಸುವ ವ್ಯವಸ್ಥೆ. ಒಂದು ರಾತ್ರಿ ಧಡ್ ಅಂತ ಸದ್ದಾಗಿ ಎದ್ದು ಪರದೆ ಸರಿಸಿದರೆ ಗಾಜಿನಾಚೆ ಬರೀ ಒದ್ದೆ ಕಾಂಕ್ರೀಟ್ ಗೋಡೆ. ಪಾಚಿ, ತುಕ್ಕು ಹಿಡಿದ ಏಣಿ, ಹಳದಿ ದೀಪ. ಏಣಿಯ ಮೆಟ್ಟಿಲುಗಳು ಒಂದೊಂದಾಗಿ ಮೇಲೆ ಹೋಗುತ್ತಿದ್ದವು. ಇಳಿಯುತ್ತಿದ್ದವರು ನಾವು ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಇದು ಬಹಳ ಇಷ್ಟವಾಯಿತು. ಅಕ್ಕನಿಗೆ ಆಮೇಲೆ ನಿದ್ದೆ ಬರಲಿಲ್ಲ.

ಲಾಕ್‌ಗಳಿಂದಲೇ ಇನ್ನೊಂದು ಲಾಭ. ಮೈನ್ ನದಿಯ ಮತ್ತು ಅದನ್ನು ಡ್ಯಾನ್ಯೂಬ್‌ಗೆ ಸೇರಿಸುವ ಕಾಲುವೆಯ ಲಾಕ್‌ಗಳ ಅಗಲ 12 ಮೀಟರ್ ಇರುವುದರಿಂದ ರೈನ್, ಮೈನ್, ಡ್ಯಾನ್ಯೂಬ್ ಮೂರು ನದಿಗಳಲ್ಲೂ ಓಡುವ ಹಡಗು ಹನ್ನೊಂದೂವರೆ ಮೀಟರ್‌ಗಿಂತ ಅಗಲ ಇರಲು ಸಾಧ್ಯವಿಲ್ಲ. ಉದ್ದ ಹೆಚ್ಚೆಂದರೆ 135 ಮೀಟರ್. ಯಾವ ಕಂಪನಿಯದಾದರೂ ಅಷ್ಟೇ. ಹಾಗಾಗಿ 'ನಮ್ಮದು ದೊಡ್ಡ ಹಡಗು' ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಒಳಗೆ ಎಷ್ಟು ಜನರನ್ನು ತುಂಬುತ್ತಾರೆ ಅಂತ ಕೇಳಿ. ಇದೇ ಅಳತೆಯ ಹಡಗಿನಲ್ಲಿ 190 ಜನರನ್ನು ಹಾಕುವವರೂ ಇದ್ದಾರೆ, 150 ಜನಕ್ಕೆ ನಿಲ್ಲಿಸುವವರೂ ಇದ್ದಾರೆ. ಹಡಗಿನಲ್ಲಿ ಆಡುವ ಭಾಷೆ ಯಾವುದು ಅಂತಲೂ ಕೇಳಿ. ಕಂಪನಿಗಳಲ್ಲಿ ಎ-ರೋಸಾ ಮುಖ್ಯವಾಗಿ ಜರ್ಮನರಿಗೆ ಮಾಡಿದ್ದು, ಕ್ರೋಸಿಯೂರೋಪ್ ಫ್ರೆಂಚರದ್ದು. ವೈಕಿಂಗ್‌ನಲ್ಲಿ 18 ವರ್ಷದೊಳಗಿನವರನ್ನು ಹತ್ತಿಸಿಕೊಳ್ಳುವುದಿಲ್ಲ, ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ನೆನಪಿರಲಿ.

ಈಗ ಬಸ್ಸಿನ ಕಥೆ. ಲಿಂಟ್ಸ್‌ನಲ್ಲಿ ಹಡಗು ನಿಂತ ದಿನ ಸಾಲ್ಸ್‌ಬರ್ಗ್‌ಗೆ 'ಐಚ್ಛಿಕ ಪ್ರವಾಸ' ಅಂತ ಒಂದಿತ್ತು. ತಲೆಗೆ ನೂರು ಯೂರೋ ಮೇಲೆ, ಟಿಕೆಟ್ ದರದಲ್ಲಿ ಸೇರಿಲ್ಲ. ಬೆಳಿಗ್ಗೆ ತಿಂಡಿ ಅರ್ಧಕ್ಕೇ ಬಿಡಿಸಿ ಬಸ್ಸು ಹತ್ತಿಸಿದರು. ಹೆದ್ದಾರಿಯಲ್ಲಿ ರಸ್ತೆ ಕೆಲಸ. ಬಸ್ಸಿನ ಟಾಯ್ಲೆಟ್‌ಗೆ ಬೀಗ. ಎಸಿ ಇತ್ತು, ಮುಂದಿನ ಮೂರು ಸಾಲಿಗೆ ಮಾತ್ರ. ಎರಡೂವರೆ ಗಂಟೆ ಹಾಗೆ ಹೋಗಿ ಇಳಿದರೆ ನಮ್ಮಂಥದ್ದೇ ಹತ್ತು ಬಸ್ಸು. ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ಗೈಡ್ ಮಾತಾಡುತ್ತಾ ಮುಂದೆ ಮುಂದೆ, ನಾವು ಅವಳ ಕೊಡೆ ಹುಡುಕುತ್ತಾ ಹಿಂದೆ ಹಿಂದೆ. ಮೊಝಾರ್ಟ್ ಹುಟ್ಟಿದ ಹಳದಿ ಮನೆಯನ್ನು ಹೊರಗಿನಿಂದ ತೋರಿಸಿದರು. ಒಳಗೆ ಹೋಗಲು ಬೇರೆ ಟಿಕೆಟ್, ಅದಕ್ಕೆ ಟೈಮ್ ಇರಲಿಲ್ಲ. ಊಟವೂ ನಮ್ಮದೇ ಖರ್ಚು. ಸಂಜೆ ಹೊತ್ತಿಗೆ ಅಕ್ಕನ ಕಾಲು ಊದಿತ್ತು. ನನಗೆ ಬಸ್ಸೆಂದರೆ ಮೊದಲೇ ಆಗದು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆದರೂ ಲಿಂಟ್ಸ್‌ನಿಂದ ಸಾಲ್ಸ್‌ಬರ್ಗ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ, ಅಷ್ಟೇ! ಒಂದೇ ಒಂದು ಎಚ್ಚರಿಕೆ. ಕಂಪನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ. ನಿಮ್ಮ ರೈಲು ತಡವಾದರೆ ಕಾಯುವುದಿಲ್ಲ, ಮುಂದಿನ ಊರಿಗೆ ನೀವೇ ಹೋಗಿ ಹಿಡಿಯಬೇಕು. ಎರಡು ರೈಲು ಮುಂಚೆಯೇ ವಾಪಸ್ ಬರುವ ಹಾಗೆ ಯೋಜನೆ ಹಾಕಿ.

ಭಾವ ಬರಲಿಲ್ಲ. ಲಿಂಟ್ಸ್‌ನಲ್ಲೇ ಉಳಿದು, ಟ್ರಾಮ್ ಹತ್ತಿ ಪೋಸ್ಟ್ಲಿಂಗ್‌ಬರ್ಗ್ ಗುಡ್ಡಕ್ಕೆ ಹೋಗಿ, ಇಳಿದು ಬಂದು ಲಿಂಟ್ಸರ್ ಟಾರ್ಟ್ ತಿಂದು, ಖಾಲಿ ಹಡಗಿನ ಡೆಕ್ ಮೇಲೆ ಮಲಗಿದ್ದ. ಅವನ ಒಟ್ಟು ಖರ್ಚು ಕೇಳಿ ನಮ್ಮವರು ಮಾತಾಡಲಿಲ್ಲ.

ವಿಯೆನ್ನಾದಲ್ಲೂ ಬಸ್ಸು ಬೇಡ. ಹಡಗು ರೈಷ್‌ಬ್ರ್ಯೂಕೆ ಸೇತುವೆ ಹತ್ತಿರ ನಿಂತರೆ, ಫೋರ್‌ಗಾರ್ಟನ್‌ಸ್ಟ್ರಾಸೆ ಮೆಟ್ರೋ ನಡೆಯುವಷ್ಟೇ ದೂರ. ಯು1 ಲೈನ್‌ನಲ್ಲಿ ನಾಲ್ಕನೇ ನಿಲ್ದಾಣ ಸ್ಟೆಫಾನ್ಸ್‌ಪ್ಲಾಟ್ಸ್, ಊರಿನ ನಟ್ಟನಡುವೆ. ಕೆಲವು ಹಡಗು ನುಸ್‌ಡಾರ್ಫ್‌ನಲ್ಲಿ ನಿಲ್ಲುತ್ತವೆ, ಅದು ದೂರ. ಎಲ್ಲಿ ನಿಲ್ಲುತ್ತದೆ ಅಂತಲೂ ಮೊದಲೇ ಕೇಳಿ.

ಊಟ. ಹಡಗಿನ ಊಟ ಚೆನ್ನಾಗಿದೆ ಅಂತ ಎಲ್ಲರೂ ಬರೆಯುತ್ತಾರೆ. ಮಾಂಸ ತಿನ್ನುವವರಿಗೆ ಇರಬಹುದು. ಅಲ್ಲಿ ಸಸ್ಯಾಹಾರಿ ಅಂದರೆ ಮೊಟ್ಟೆ ನಡೆಯುತ್ತದೆ ಅಂತಲೇ ಅರ್ಥ, ಸೂಪಿಗೆ ಮಾಂಸದ ಸ್ಟಾಕ್ ಇರಬಹುದು. 'ಮಾಂಸ, ಮೀನು, ಮೊಟ್ಟೆ, ಮಾಂಸದ ಸ್ಟಾಕ್ ಬೇಡ' ಅಂತ ಬುಕಿಂಗ್ ವೇಳೆಯಲ್ಲೇ ಬರೆದು ಕೊಡಿ. ನಮಗೆ ಪಾಸ್ತಾ, ರಿಸೊಟ್ಟೊ, ಸುಟ್ಟ ಬದನೆಕಾಯಿ, ಮತ್ತೆ ಪಾಸ್ತಾ. ಅಕ್ಕ ತಂದಿದ್ದ ಚಟ್ನಿಪುಡಿ ಡಬ್ಬಿಗೆ ಬುಡಾಪೆಸ್ಟ್ ಬರುವ ಮುಂಚೆಯೇ ತಳ ಕಂಡಿತ್ತು.

ಬುಡಾಪೆಸ್ಟ್‌ನಲ್ಲಿ ನಾಲಿಗೆಗೆ ಜೀವ ಬಂತು. 1897ರ ದೊಡ್ಡ ಮಾರುಕಟ್ಟೆ ಕಟ್ಟಡಕ್ಕೆ ಎಲ್ಲ ಪ್ರವಾಸಿಗರೂ ಹೋಗುತ್ತಾರೆ. ಅದರ ಮಹಡಿ ಮೇಲೆ ಲಾಂಗೋಶ್ ಅನ್ನುವ ಕರಿದ ರೊಟ್ಟಿ ಸಿಗುತ್ತದೆ, ದುಬಾರಿ, ನೂಕುನುಗ್ಗಲು, ನಿಂತೇ ತಿನ್ನಬೇಕು. ಅದನ್ನು ಬಿಟ್ಟು ಹಿಂದಿನ ಬೀದಿಗಳ ಕಡೆ ನಡೆಯಿರಿ. ಆಫೀಸಿನವರು ತಟ್ಟೆ ಹಿಡಿದು ಸಾಲು ನಿಂತ ಸಣ್ಣ ಹೋಟೆಲ್ ಕಂಡರೆ ಒಳಗೆ ನುಗ್ಗಿ. ಅಲ್ಲಿ ಕೇಳಬೇಕಾದದ್ದು ಫೋಜೆಲೇಕ್. ತರಕಾರಿಯನ್ನು ಬೇಯಿಸಿ, ಹುಳಿ ಕ್ರೀಮು, ಸ್ವಲ್ಪ ಹಿಟ್ಟು ಹಾಕಿ ಗಟ್ಟಿ ಮಾಡಿದ್ದು. ಬಟಾಣಿ, ಪಾಲಕ್, ಆಲೂಗಡ್ಡೆ, ಬೇಳೆ, ಏನೇನೋ ಇರುತ್ತದೆ. ನಾನು ತೆಗೆದುಕೊಂಡದ್ದು ತುರಿದ ಕುಂಬಳದ್ದು. ಬಾಯಿಗಿಟ್ಟ ಕೂಡಲೇ ಸಬ್ಬಸಿಗೆ ಸೊಪ್ಪಿನ ಘಮ! ಅವರು ಅದನ್ನು ಧಾರಾಳವಾಗಿ ಹಾಕುತ್ತಾರೆ. ಸಣ್ಣ ಹುಳಿ, ಸಣ್ಣ ಸಿಹಿ, ಬಿಸಿಬಿಸಿ. ಪಕ್ಕದಲ್ಲಿ ದಪ್ಪ ಬ್ರೆಡ್ಡಿನ ಚೂರು. ಸೌಟು ಹಿಡಿದ ಹೆಂಗಸಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಬೆರಳು ತೋರಿಸಿದೆ, ಆಕೆ ಬಡಿಸಿದಳು. ತಟ್ಟೆ ಖಾಲಿಯಾದದ್ದು ನೋಡಿ ದುಡ್ಡು ಕೇಳದೆ ಇನ್ನರ್ಧ ಸೌಟು ಹಾಕಿದಳು. ಮೇಲೆ ಹುರಿದ ಮೊಟ್ಟೆಯನ್ನೋ ಮಾಂಸದ ಉಂಡೆಯನ್ನೋ ಇಡುವ ಪದ್ಧತಿ ಇದೆ, ಬೇಡ ಅಂತ ಮೊದಲೇ ಕೈ ಆಡಿಸಿ. ಬೇಳೆಯದರಲ್ಲಿ ಕೆಲವೊಮ್ಮೆ ಬೇಕನ್ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ನಾಲ್ವರೂ ಹೊಟ್ಟೆ ತುಂಬಾ ಉಂಡದ್ದಕ್ಕೆ ಹಡಗಿನಲ್ಲಿ ನಮ್ಮವರ ಒಂದು ಸಂಜೆಯ ಬಾರ್ ಬಿಲ್ಲಿಗಿಂತ ಕಡಿಮೆ ಆಯಿತು. ಮಾರನೇ ದಿನವೂ ಅಲ್ಲಿಗೇ ಹೋದೆವು. ದುಡ್ಡು ಕಾರ್ಡಿನಲ್ಲಿ ಅಥವಾ ಹಂಗೆರಿಯ ಹಣವಾದ ಫೋರಿಂಟ್‌ನಲ್ಲಿ ಕೊಡಿ. ಯೂರೋ ಕೊಟ್ಟರೆ ತೆಗೆದುಕೊಳ್ಳುವವರೂ ರೇಟಿನಲ್ಲಿ ಹೊಡೆಯುತ್ತಾರೆ.

ನದಿ ನೀರಿನ ಬಗ್ಗೆ ಯಾವ ಏಜೆಂಟೂ ತಾನಾಗಿ ಬಾಯಿ ಬಿಡುವುದಿಲ್ಲ. ನೀರು ತೀರಾ ಕಡಿಮೆಯಾದರೆ ಹಡಗಿನ ತಳ ತಾಗುತ್ತದೆ, ಜಾಸ್ತಿಯಾದರೆ ಸೇತುವೆಯ ಕೆಳಗೆ ಹೋಗಲು ಆಗುವುದಿಲ್ಲ. ಎರಡರಲ್ಲಿ ಯಾವುದಾದರೂ ನಿಮ್ಮನ್ನು ಬಸ್ಸಿಗೇ ಹತ್ತಿಸುತ್ತಾರೆ. 2018 ಮತ್ತು 2022ರಲ್ಲಿ ಬರದಿಂದ ತೊಂದರೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಪ್ರವಾಹದಿಂದ. ಪಸೌನ ಪುರಭವನದ ಗೋಡೆಯಲ್ಲಿ ಪ್ರವಾಹದ ಗುರುತುಗಳಿವೆ. 2013ರ ಜೂನ್‌ನಲ್ಲಿ ಅಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. ಬರಗಾಲದಲ್ಲಿ ಜಾಸ್ತಿ ಕೈಕೊಡುವುದು ಪಸೌಗಿಂತ ಮೇಲಿನ ಸ್ಟ್ರಾಬಿಂಗ್–ಫಿಲ್ಸ್‌ಹೋಫನ್ ಭಾಗ, ಅಲ್ಲಿ ಅಣೆಕಟ್ಟಿಲ್ಲ. ನ್ಯೂರೆನ್‌ಬರ್ಗ್‌ನಿಂದ ಹೊರಡುವ ಹಡಗು ಇದನ್ನು ದಾಟಲೇಬೇಕು, ಪಸೌನಿಂದ ಹೊರಟರೆ ಆ ತಲೆನೋವಿಲ್ಲ. ನೀರಿನ ಕಾರಣಕ್ಕೆ ಬಸ್ಸು ಮಾಡಿದರೆ ದುಡ್ಡು ವಾಪಸ್ ಉಂಟೋ ಇಲ್ಲವೋ ಅನ್ನುವುದನ್ನು ಷರತ್ತುಗಳಲ್ಲಿ ಹುಡುಕಿ ಓದಿ.

ಈ ದೇಶಗಳಿಗೆಲ್ಲ ಒಂದೇ ವೀಸಾ ಸಾಕು, ಅದನ್ನು ಷೆಂಗೆನ್ ವೀಸಾ ಅನ್ನುತ್ತಾರೆ. ಅದಕ್ಕೆ, ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಶುಲ್ಕ 90 ಯೂರೋ, ಜೊತೆಗೆ ಅರ್ಜಿ ಕೇಂದ್ರದವರ ಸೇವಾ ಶುಲ್ಕ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಹೋಟೆಲ್ ಬುಕಿಂಗ್ ಜಾಗದಲ್ಲಿ ಹಡಗಿನ ಪತ್ರ ಬೇಕು. ಅದರಲ್ಲಿ ಪ್ರತಿಯೊಬ್ಬರ ಹೆಸರು, ಪ್ರತಿ ರಾತ್ರಿ ಹಡಗು ಯಾವ ದೇಶದಲ್ಲಿ ಅಂತ ಇರಲಿ. ಬುಡಾಪೆಸ್ಟ್ ದಾಟಿ ಬೆಲ್‌ಗ್ರೇಡ್ ಕಡೆ ಹೋಗುವ ಕ್ರೂಸ್ ಆದರೆ ಸರ್ಬಿಯಾ ಷೆಂಗೆನ್ ಒಳಗಿಲ್ಲ, ಮರಳಿ ಬರಲು ಮಲ್ಟಿಪಲ್ ಎಂಟ್ರಿ ವೀಸಾ ಬೇಕು.

ಇಷ್ಟೆಲ್ಲ ಯಾಕೆ, ನಮಗೆ ನದಿ ಸ್ವಲ್ಪ ನೋಡಿದರೆ ಸಾಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ವಿಯೆನ್ನಾದಲ್ಲಿ ರೂಮು ಮಾಡಿ, ರೈಲಿನಲ್ಲಿ ಮೆಲ್ಕ್‌ಗೆ ಹೋಗಿ ಮಠ ನೋಡಿ, ಅಲ್ಲಿಂದ ಕ್ರೆಮ್ಸ್‌ಗೆ ದಿನದ ದೋಣಿ ಹಿಡಿಯಿರಿ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಓಡುತ್ತದೆ. ಕೆಳಮುಖವಾಗಿ ಎರಡು ಗಂಟೆಯೊಳಗೆ, ಅದೇ ದೋಣಿ ಮೇಲೆ ಬರಲು ಮೂರು ಗಂಟೆ ಹತ್ತಿರ. ಕ್ರೆಮ್ಸ್‌ನಿಂದ ರೈಲಿನಲ್ಲಿ ವಾಪಸ್. ರೈಲು, ದೋಣಿ, ಮಠ ಮೂರಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗುತ್ತದೆ. ಒಂಟಿಯಾಗಿ ಹೋಗುವವರಿಗಂತೂ ಇದೇ ಒಳ್ಳೆಯದು. ಕ್ರೂಸ್‌ನಲ್ಲಿ ಒಬ್ಬರೇ ಕ್ಯಾಬಿನ್ ತೆಗೆದುಕೊಂಡರೆ ಇಬ್ಬರ ದರದ ಹತ್ತಿರ ಹತ್ತಿರ ವಸೂಲು ಮಾಡುವುದು ಮಾಮೂಲು.

ಕೊನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕ್ಯಾಬಿನ್ ಖಾಲಿ ಮಾಡಿಸುತ್ತಾರೆ. ನಮ್ಮ ವಿಮಾನ ರಾತ್ರಿ ಇತ್ತು. ಪೆಟ್ಟಿಗೆಗಳನ್ನು ಹಡಗಿನ ಲಾಬಿಯಲ್ಲಿ ಮಧ್ಯಾಹ್ನದವರೆಗೆ ಇಟ್ಟುಕೊಂಡರು, ಕೇಳಿದ ಮೇಲೆ. ವಿಮಾನ ನಿಲ್ದಾಣಕ್ಕೆ ಹಡಗಿನವರ ಕಾರು ಬೇಡ, ಡೇಯಾಕ್ ಚೌಕದಿಂದ 100ಇ ಬಸ್ಸು ಸೀದಾ ಹೋಗುತ್ತದೆ. ಅದಕ್ಕೆ ಪ್ರತ್ಯೇಕ ಟಿಕೆಟ್, ಊರಿನ ಮಾಮೂಲಿ ಬಸ್ ಟಿಕೆಟ್ ನಡೆಯುವುದಿಲ್ಲ.