ಪಾಳಿ ಮುಗಿದರೂ ಹೋಗದವರು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮೊಣಕಾಲೆತ್ತರ ಹಿಮ ಬಿದ್ದಿದ್ದ ಜನವರಿಯ ರಾತ್ರಿ ನನಗೆ ಹೆರಿಗೆ ನೋವು ಶುರುವಾಯಿತು. ಉಡುಪಿಯಲ್ಲಿ ಅಮ್ಮ ಬಾಣಂತಿ ಮದ್ದು ಕಟ್ಟಿಟ್ಟುಕೊಂಡು ಇನ್ನೂ ವೀಸಾಕ್ಕೆ ಕಾಯುತ್ತಿದ್ದರು. ಆ ಹೊತ್ತಿನಲ್ಲಿ ಗಂಡನ ಜೊತೆಗೆ ನನ್ನ ಪಕ್ಕದಲ್ಲಿದ್ದವರು ನಮ್ಮ ಡೂಲಾ. ಹೆರಿಗೆಯುದ್ದಕ್ಕೂ ಜೊತೆಗಿದ್ದು ಧೈರ್ಯ, ನೆರವು ಕೊಡುವವರು.

"ಅಂದರೆ ಸೂಲಗಿತ್ತಿಯಾ?" ಎಂದು ಊರಿನವರು ಕೇಳುತ್ತಾರೆ. ಅಲ್ಲ. ಪದ್ಮಶ್ರೀ ಪಡೆದ ಪಾವಗಡದ ನರಸಮ್ಮನವರಂಥ ಸೂಲಗಿತ್ತಿಯರು ಹೆರಿಗೆ ಮಾಡಿಸುವವರು. ಡೂಲಾ ಒಳಪರೀಕ್ಷೆ ಮಾಡುವುದಿಲ್ಲ, ಮದ್ದು ಕೊಡುವುದಿಲ್ಲ, ಡಾಕ್ಟರರ ಕೆಲಸಕ್ಕೆ ಕೈಹಾಕುವುದಿಲ್ಲ. ಆದರೆ ನರ್ಸ್‌ಗಳು ಪಾಳಿ ಮುಗಿಸಿ ಹೋದರೂ ಅವರು ಹೋಗುವುದಿಲ್ಲ. ನನಗೆ 19 ಗಂಟೆ ಹಿಡಿಯಿತು. ಪ್ರತಿ ನೋವಿಗೂ ಸೊಂಟದ ಎರಡೂ ಬದಿಯನ್ನು ಅಂಗೈಯಿಂದ ಒತ್ತಿ ಹಿಡಿದರು, ಮಗ್ಗುಲು ಬದಲಿಸಲು ನೆರವಾದರು, ಒತ್ತುವ ಜಾಗವನ್ನು ಗಂಡನಿಗೂ ತೋರಿಸಿಕೊಟ್ಟರು. ನೋವು ಹೆಚ್ಚಿಸುವ ಡ್ರಿಪ್ ಹಾಕೋಣವೇ ಎಂದು ಡಾಕ್ಟರ್ ಕೇಳಿದಾಗ ನನ್ನ ಪರವಾಗಿ ಉತ್ತರಿಸಲಿಲ್ಲ, "ನೀವು ಏನಾದರೂ ಕೇಳಬೇಕೇ?" ಎಂದು ನನ್ನತ್ತ ತಿರುಗಿದರು, ಅಷ್ಟೇ. ಮದ್ದಿಲ್ಲದೆ ಹೆರುತ್ತೇನೆ ಎಂದಿದ್ದ ನಾನು ಕೊನೆಗೆ ಎಪಿಡ್ಯೂರಲ್, ಅಂದರೆ ಬೆನ್ನಿಗೆ ಕೊಡುವ ನೋವು ಕಡಿಮೆ ಮಾಡುವ ಮದ್ದು, ಬೇಕೆಂದೆ. ಡೂಲಾ ಮುಖದಲ್ಲಿ ಬೇಸರದ ಸುಳಿವೂ ಕಾಣಲಿಲ್ಲ. ನನಗೆ ಈಗಲೂ ದೊಡ್ಡದೆನಿಸುವುದು ಅದೇ.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2017ರಲ್ಲಿ 17 ದೇಶಗಳ 26 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿತ್ತು. ಎಡೆಬಿಡದೆ ಒಬ್ಬರು ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗಬಹುದು, ನೋವಿನ ಅವಧಿಯೂ ತುಸು ತಗ್ಗಬಹುದು ಎಂದು ಅದು ಹೇಳುತ್ತದೆ. ಆ ಅಧ್ಯಯನಗಳಲ್ಲಿ ಜೊತೆಗಿದ್ದವರು ಡೂಲಾಗಳಷ್ಟೇ ಅಲ್ಲ, ಮನೆಯವರೂ ಇದ್ದರು.

ಅದನ್ನು ಓದಿದಾಗ ತಂಗಿ ನೆನಪಾದಳು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಮೊದಲ ಹೆರಿಗೆ. ಒಳಗೆ ಅವಳೊಬ್ಬಳೇ, ಬಾಗಿಲಾಚೆ ಬಿಸಿನೀರಿನ ಫ್ಲಾಸ್ಕ್ ಹಿಡಿದು ಅಮ್ಮ ರಾತ್ರಿಯಿಡೀ ಬೆಂಚಿನ ಮೇಲೆ. ಹೆರಿಗೆಯ ಅನುಭವವಿರುವ ಹೆಂಗಸೊಬ್ಬರನ್ನು ಜೊತೆಗೆ ಬಿಡಲು ಸರ್ಕಾರಿ ಆಸ್ಪತ್ರೆಗಳಿಗೆ ಕೇಂದ್ರ ಸರ್ಕಾರ 2016ರಲ್ಲೇ ಅನುಮತಿ ಕೊಟ್ಟಿದೆ. ಖಾಸಗಿ ಆಸ್ಪತ್ರೆಯಾದರೆ ಏಳನೆಯ ತಿಂಗಳಲ್ಲೇ ಕೇಳಿಬಿಡಿ. ನೋವು ಬಂದ ಮೇಲೆ ಬಾಗಿಲಲ್ಲಿ ನಿಂತು ವಾದಿಸಲು ಯಾರಿಗೂ ಆಗುವುದಿಲ್ಲ.

ತಂಗಿಗೆ ಈಗ ಮತ್ತೆ ಎಂಟು ತಿಂಗಳು. ಈ ಸಲ ಉಡುಪಿಯಲ್ಲೇ. ಡಾಕ್ಟರ್ ಒಪ್ಪಿದ್ದಾರೆ, ಬ್ರಹ್ಮಾವರದ ಚಿಕ್ಕಮ್ಮ ಒಳಗಿರುತ್ತಾರೆ. ಮೊನ್ನೆ ವಿಡಿಯೊ ಕರೆಯಲ್ಲಿ ಸೊಂಟ ಒತ್ತುವ ಬಗೆಯನ್ನು ಅವರಿಗೆ ತೋರಿಸಿಕೊಟ್ಟೆ. ತಂಗಿ ಕುರ್ಚಿ ಹಿಡಿದು ಮುಂದಕ್ಕೆ ಬಾಗಿ ನಿಂತಿದ್ದಳು.

"ಚಿಕ್ಕಮ್ಮಾ, ಇನ್ನೂ ಸ್ವಲ್ಪ ಕೆಳಗೆ," ಎಂದಳು.