ನಾಲ್ಕನೇ ರಾತ್ರಿ

ಹಿಂಡಿದರೆ ನೀರು ಬರುವಷ್ಟು ಬನಿಯನ್ ನೆಂದಿತ್ತು. ಡಿಸೆಂಬರ್ ತಿಂಗಳು, ಮೈಸೂರಿನ ಚಳಿ, ಫ್ಯಾನ್ ಕೂಡ ಹಾಕಿರಲಿಲ್ಲ. ಕನಸಿನಲ್ಲಿ ಅಪ್ಪ ಬಂದಿದ್ದರು. ಹಾಸ್ಟೆಲ್ ರೂಮಿನ ಬಾಗಿಲಲ್ಲಿ ನಿಂತು, ಒಂದು ಮಾತೂ ಆಡದೆ ನನ್ನ ಕೈಯನ್ನೇ ನೋಡುತ್ತಿದ್ದರು. ಎದ್ದು ಕೂತಾಗ ಒಂದೂಕಾಲು ಗಂಟೆ. ಗಾಂಜಾ ಬಿಟ್ಟು ಅದು ನಾಲ್ಕನೇ ರಾತ್ರಿ.

ಒಂಬತ್ತು ವರ್ಷ ಸೇದಿದ್ದೆ. ಮೊದಮೊದಲು ಶನಿವಾರ ಮಾತ್ರ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಮೇಲೆ ದಿನಾ ರಾತ್ರಿ. ಕೊನೆಯ ಎರಡು ವರ್ಷ ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಿತ್ತು. ನಮ್ಮ ಗುಂಪಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಇದು ಸೊಪ್ಪು ಕಣೋ, ಕುಡಿತದ ಥರ ಅಲ್ಲ. ಯಾವತ್ತು ಬೇಕಾದ್ರೂ ಬಿಡಬಹುದು." ನಾನೂ ಅದನ್ನೇ ಹೊಸ ಹುಡುಗರಿಗೆ ಹೇಳಿದ್ದೇನೆ. ನೆನೆಸಿಕೊಂಡರೆ ಇವತ್ತಿಗೂ ಸಂಕಟ ಆಗುತ್ತದೆ.

ಬಿಟ್ಟ ಮೊದಲ ದಿನ ಏನೂ ಅನ್ನಿಸಲಿಲ್ಲ. ಎರಡನೇ ದಿನದಿಂದ ಶುರುವಾಯಿತು. ಅನ್ನ ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ತಲೆನೋವು, ಮೈಯಲ್ಲಿ ಸಣ್ಣ ನಡುಕ. ಅಕ್ಕನ ಮಗಳು ಐದು ವರ್ಷದವಳು. "ಮಾಮ, ಪೆನ್ಸಿಲ್ ಚೂಪು ಮಾಡಿಕೊಡು" ಅಂದದ್ದಕ್ಕೆ ಜೋರಾಗಿ ಕಿರುಚಿದೆ. ಮಗು ಹೋಗಿ ಬಾಗಿಲ ಹಿಂದೆ ನಿಂತಿತು. ವೈರಲ್ ಜ್ವರ, ಅದಕ್ಕೇ ರಜ ಹಾಕಿ ಬಂದೆ ಅಂತ ಅಕ್ಕನಿಗೆ ಸುಳ್ಳು ಹೇಳಿದ್ದೆ.

ಬೆವರು, ತಲೆನೋವು ತಡೆದುಕೊಳ್ಳಬಹುದು. ತಡೆಯಲಾಗದ್ದು ಒಂದು ಯೋಚನೆ. ನಾನು ಇರುವುದೇ ಹೀಗೆ, ಸಿಡುಕ, ಕೆಟ್ಟವನು, ಇಷ್ಟು ವರ್ಷ ಗಾಂಜಾ ಅದನ್ನು ಮುಚ್ಚಿಟ್ಟಿತ್ತು ಅಷ್ಟೇ ಅಂತ. ಹಾಗಾದರೆ ಬಿಟ್ಟು ಏನು ಪ್ರಯೋಜನ? ಬೆಳಗಿನ ರೈಲು ಹತ್ತಿದರೆ ಹತ್ತು ಗಂಟೆಯೊಳಗೆ ಬೆಂಗಳೂರಿನ ರೂಮಿನಲ್ಲಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಅದಕ್ಕೆ ಮುಂಚೆ ಬಾತ್ರೂಮಿನಲ್ಲಿ ಕೂತು 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಒಬ್ಬ ಹೆಂಗಸು. ನಾನು ಪಿಸುಮಾತಿನಲ್ಲಿ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು. "ಬಿಟ್ಟು ಒಂದೆರಡು ದಿನಕ್ಕೆ ಶುರುವಾಗುತ್ತೆ, ಮೊದಲ ವಾರದಲ್ಲೇ ಜೋರು. ಎರಡು ಮೂರು ವಾರದಲ್ಲಿ ಹೆಚ್ಚಿನವರಿಗೆ ಇಳಿಯುತ್ತೆ. ನಿದ್ದೆ ಸರಿಹೋಗೋಕೆ ಇನ್ನೂ ಸ್ವಲ್ಪ ಜಾಸ್ತಿ ದಿನ ಬೇಕಾಗಬಹುದು" ಅಂದರು. ಕನಸಿನ ವಿಷಯವನ್ನೂ ಹೇಳಿದೆ. ಕನಸು ಬೀಳುವ ನಿದ್ದೆಯನ್ನು ಗಾಂಜಾ ಅದುಮಿಟ್ಟಿರುತ್ತದಂತೆ, ಬಿಟ್ಟಾಗ ಅದು ಒಮ್ಮೆಲೇ ನುಗ್ಗಿ ಬರುತ್ತದಂತೆ. ಆಮೇಲೆ ಕೇಳಿದರು, "ಮನೆಯಲ್ಲಿ ಯಾರಿಗಾದರೂ ಗೊತ್ತಾ?"

ಹೊರಗೆ ಬಂದರೆ ಅಡುಗೆಮನೆಯಲ್ಲಿ ಅಕ್ಕ ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ಕಾಣಿಸಿತು. ನೆಲದ ಮೇಲೆ ಕೂತು ಹಿದುಕಲು ಶುರುಮಾಡಿದೆ. ನೆಂದ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಬೇಳೆ ಪುಸಕ್ಕಂತ ಜಾರಿ ಬರುತ್ತದೆ, ಸಿಪ್ಪೆ ಬೆರಳಿಗೆ ಅಂಟುತ್ತದೆ. ಪೇಪರ್ ಸುತ್ತುತ್ತಿದ್ದ ಬೆರಳುಗಳೂ ಅವೇ ಎರಡು. ಮೊದಲು ನಡುಕಕ್ಕೆ ಕಾಳು ಹಾರಿ ಒಲೆ ಕಟ್ಟೆಯ ಕೆಳಗೆ ಹೋಗುತ್ತಿದ್ದವು. ಒಂದು ಪಾವಿನಷ್ಟು ಆಗುವ ಹೊತ್ತಿಗೆ ಕೈ ಸ್ವಲ್ಪ ಹಿಡಿತಕ್ಕೆ ಬಂತು.

ಮೂರು ಗಂಟೆಗೆ ಅಕ್ಕ ನೀರು ಕುಡಿಯಲು ಬಂದಳು. ಏನೂ ಕೇಳದೆ ಎದುರಿಗೆ ಕೂತು ತಾನೂ ಹಿದುಕತೊಡಗಿದಳು.

"ಅಕ್ಕ, ಜ್ವರ ಅಲ್ಲ ಇದು" ಅಂದೆ. ಎಲ್ಲ ಹೇಳಿದೆ.

ಅವಳ ಕೈ ನಿಲ್ಲಲಿಲ್ಲ. ತುಂಬ ಹೊತ್ತಾದ ಮೇಲೆ ಕೇಳಿದಳು, "ಅಪ್ಪನ ಕಾರ್ಯಕ್ಕೆ ಬಂದಿದ್ದೆಯಲ್ಲ, ಆವಾಗಲೂ?"

"ಹೂಂ."

ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಒಬ್ಬನೇ ಆಸ್ಪತ್ರೆಗೆ ಹೋಗಬೇಡ, ನಾನೂ ಬರ್ತೀನಿ" ಅಂದಳು. ಬೈಗುಳಕ್ಕೆ ತಯಾರಾಗಿ ಕೂತಿದ್ದವನು ಆ ಮಾತಿಗೆ ಬಿಕ್ಕಿ ಬಿಕ್ಕಿ ಅತ್ತೆ.

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳಿಬಿಡುತ್ತಾರೆ ಅನ್ನುವ ಹೆದರಿಕೆ ನನಗೆ ವರ್ಷಗಳಿಂದ ಇತ್ತು. ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಓದಿದ್ದು ಆಮೇಲೆ. ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋಗುವ ವ್ಯಸನಿಗೆ, ಸೇವನೆಯ ಕೇಸಿನಿಂದ ರಕ್ಷಣೆ ಕೊಡುವ ಕಲಂ ಅದು. ಮೊದಲೇ ಗೊತ್ತಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ. ಇದನ್ನು ಬಿಡಿಸಲೆಂದೇ ಇರುವ ಮಾತ್ರೆ ಇಲ್ಲ ಅಂತ ಡಾಕ್ಟರ್ ನೇರವಾಗಿ ಹೇಳಿದರು. ಗಾಂಜಾ ಹೋಗಿ ಕೂರುವ ಮಿದುಳಿನ ಗ್ರಾಹಕಗಳು (ರಿಸೆಪ್ಟರ್‌ಗಳು) ವರ್ಷಗಟ್ಟಲೆ ಸೇದಿದಾಗ ಕಡಿಮೆಯಾಗಿರುತ್ತವೆ. ಬಿಟ್ಟ ಕೆಲವೇ ದಿನಕ್ಕೆ ಚೇತರಿಸಿಕೊಳ್ಳಲು ಶುರುವಾಗಿ, ಸುಮಾರು ನಾಲ್ಕು ವಾರಕ್ಕೆ ಸೇದದವರ ಹತ್ತಿರಕ್ಕೆ ಬರುತ್ತವೆ. ಆ 28 ದಿನಗಳನ್ನು ಅಕ್ಕನ ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಆ ಬೆಳಿಗ್ಗೆ ರೈಲು ಹತ್ತಲಿಲ್ಲ. ಹಾಲಿನಲ್ಲಿ ಚಾಪೆ ಹಾಕಿಕೊಂಡು ಎರಡು ಗಂಟೆ ಮಲಗಿದೆ. ಸಾರಿಗೆ ಒಗ್ಗರಣೆ ಬಿದ್ದ ವಾಸನೆಗೆ ಎಚ್ಚರ ಆಯಿತು. ಅರ್ಧ ಮುದ್ದೆ ತಿಂದೆ, ಉಳಿದದ್ದು ಸೇರಲಿಲ್ಲ. ಪುಟ್ಟಿ ಪೆನ್ಸಿಲ್ ಡಬ್ಬಿ ಎದೆಗೆ ಅವಚಿಕೊಂಡು ಸ್ವಲ್ಪ ದೂರದಲ್ಲೇ ನಿಂತಿದ್ದಳು.

"ಮಾಮ, ಕೂಗಲ್ಲ ಅಲ್ವಾ?"

"ಕೂಗಲ್ಲ ಪುಟ್ಟಿ, ಬಾ" ಅಂದೆ. ಆಮೇಲೂ ಎರಡು ಸಲ ಕೂಗಿದ್ದೇನೆ, ಮೂರು ವಾರದೊಳಗೆ. ಎರಡೂ ಸಲ ಅವಳ ಹತ್ತಿರ ಹೋಗಿ ಕೂತು, ತಪ್ಪಾಯ್ತು ಅಂತ ಹೇಳಿದ್ದೇನೆ.