ಬಾಗಿಲ ಹಿಂದಿನ ಅಂಕಿಗಳು

ಪಿ.ಟಿ. ಮೇಷ್ಟ್ರು ಹೋಗಿಬಿಟ್ಟರು ಅಂತ ಬ್ಯಾಚಿನ ಗ್ರೂಪಿಗೆ ಮೆಸೇಜ್ ಬಂದಾಗ ನನ್ನ ಕೈ ತಾನಾಗಿಯೇ ಎಡತೊಡೆಯ ಮೇಲೆ ಹೋಯಿತು. ಯಾಕೆ ಅಂತ ಹೇಳಬೇಕಾದರೆ ಬ್ಯೂಗಲ್ ಕದ್ದ ರಾತ್ರಿಯಿಂದ ಶುರು ಮಾಡಬೇಕು.

ಆಗ ನಮ್ಮದು ಡಿಗ್ರಿ ಎರಡನೇ ವರ್ಷ. ಎನ್‌ಸಿಸಿ ರೂಮಿನಿಂದ ಬ್ಯೂಗಲ್ ಎತ್ತಿಕೊಂಡು ಹೋಗಿ, ರಾತ್ರಿ ಎರಡು ಗಂಟೆಗೆ ಹಾಸ್ಟೆಲ್ ಹಿಂದೆ ನಿಂತು ಊದಿದೆವು. ಬೆಳಗಾಯಿತು ಅಂದುಕೊಂಡು ಹುಡುಗರೆಲ್ಲ ಕಣ್ಣುಜ್ಜಿಕೊಳ್ಳುತ್ತಾ, ಬೂಟಿನ ಲೇಸನ್ನೂ ಕಟ್ಟದೆ ಗ್ರೌಂಡಿಗೆ ಓಡಿಬಂದರು. ನಮಗೆ ನಗು ತಡೆಯೋಕಾಗಲಿಲ್ಲ. ವಾರ್ಡನ್ ಟಾರ್ಚು ನಮ್ಮ ಕಡೆ ತಿರುಗಿದ್ದೇ ತಡ, ಕಾಂಪೌಂಡ್ ಹಾರಿದೆವು. ಮೂವರು ಎದ್ದು ಓಡಿದರು. ನಾನು ಏಳಲಿಲ್ಲ. ಎಡಗಾಲಿನ ಮೂಳೆ ಮೊಣಕಾಲ ಕೆಳಗೆ ಮುರಿದಿತ್ತು. ಬ್ಯೂಗಲ್ ಮಾತ್ರ ಎದೆಗವಚಿಕೊಂಡೇ ಬಿದ್ದಿದ್ದೆ.

ಆರ್ಮಿ ಆಫೀಸರ್ ಆಗಬೇಕು ಅಂತ ಹೈಸ್ಕೂಲಿನಿಂದಲೂ ಹಠ ಹಿಡಿದಿದ್ದವನು ನಾನು. ಮೂರು ತಿಂಗಳ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿತ್ತು, ತೊಡೆ ಕರಗಿಹೋಗಿತ್ತು. ಕೆಲಸವಿಲ್ಲದೆ ಬಿದ್ದ ಸ್ನಾಯು ಹಾಗೇ ಸೊರಗುತ್ತದಂತೆ. ನೋಡಿದವರೆಲ್ಲ "ಮಿಲಿಟರಿ ಆಸೆ ಬಿಟ್ಟುಬಿಡಪ್ಪ" ಅಂದರು.

ಮೇಷ್ಟ್ರು ಏನೂ ಅನ್ನಲಿಲ್ಲ. ಸ್ಪೋರ್ಟ್ಸ್ ರೂಮಿಗೆ ಕರೆದು ಡ್ರಾಯರಿನಿಂದ ಹಳದಿ ಟೈಲರ್ ಟೇಪ್ ತೆಗೆದರು. ಅದರ ತುದಿ ಹರಿದಿತ್ತು. ಹಾಗಾಗಿ ಹತ್ತನೇ ಸೆಂಟಿಮೀಟರಿನಿಂದ ಹಿಡಿದು, ಆಮೇಲೆ ಹತ್ತು ಕಳೆಯುತ್ತಿದ್ದರು. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ಪೆನ್ನಿನಿಂದ ಗುರುತು ಹಾಕಿ ಎರಡೂ ತೊಡೆ ಅಳೆದರು. ಬಲ 49, ಎಡ 44. ಬಾಗಿಲ ಹಿಂದೆ ಮೊಳೆಯಿಂದ ಗೀಚಿದರು. "ಪ್ರತಿ ಶನಿವಾರ ಬಾ. ಇವೆರಡು ಒಂದಾಗಬೇಕು, ಅಷ್ಟೇ" ಅಂದರು.

ಹಳೇ ಪ್ಯಾಂಟಿನ ಕಾಲನ್ನು ಕತ್ತರಿಸಿ, ಮರಳು ತುಂಬಿ, ಎರಡೂ ತುದಿ ಹೊಲಿದುಕೊಟ್ಟರು. ಅದನ್ನು ಕಾಲಿಗೆ ಕಟ್ಟಿಕೊಂಡು, ಮಂಡಿ ಮಡಿಸದೆ ಮೇಲೆತ್ತಬೇಕು. ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಕೂರಬೇಕು. ಕೆಲವು ವಾರ ಅರ್ಧ ಸೆಂಟಿಮೀಟರೂ ಏರುತ್ತಿರಲಿಲ್ಲ. ಒಂದು ಶನಿವಾರ ಅತ್ತುಬಿಟ್ಟೆ. ಆಗ ಮೇಷ್ಟ್ರು ಇಯಾನ್ ಕಾರ್ಡೋಜೊ ಕಥೆ ಹೇಳಿದರು. 1971ರ ಯುದ್ಧದಲ್ಲಿ ನೆಲಬಾಂಬ್ ತುಳಿದು, ಛಿದ್ರವಾದ ಕಾಲನ್ನು ತಮ್ಮ ಖುಕ್ರಿಯಿಂದ ತಾವೇ ಕತ್ತರಿಸಿಕೊಂಡ ಗೂರ್ಖಾ ರೆಜಿಮೆಂಟಿನ ಆಫೀಸರ್. ಮುಂದೆ ಕೃತಕ ಕಾಲಿನಲ್ಲೇ ಬೆಟಾಲಿಯನ್ನನ್ನೂ, ಬ್ರಿಗೇಡನ್ನೂ ನಡೆಸಿದರು. "ನಿನ್ನ ಕಾಲು ಇನ್ನೂ ನಿನ್ನ ಹತ್ರಾನೇ ಇದೆಯಲ್ಲೋ" ಅಂದು ಮರಳಿನ ಚೀಲ ಮುಂದಿಟ್ಟರು.

ನಮ್ಮ ಎನ್‌ಸಿಸಿ ಆಫೀಸರ್ ಆಗಿದ್ದ ಕೆಮಿಸ್ಟ್ರಿ ಸರ್ ಅವರನ್ನೂ ಇಲ್ಲಿ ನೆನೆಯಬೇಕು. ಅವರು ಕಲಿಸಿದ ಕೆಮಿಸ್ಟ್ರಿ ಒಂದು ಸಾಲೂ ತಲೆಯಲ್ಲಿಲ್ಲ. ಆದರೆ 'ಸಿ' ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ, ಸೇನೆಗೆ ಆಫೀಸರುಗಳನ್ನು ಆರಿಸುವ ಎಸ್‌ಎಸ್‌ಬಿಗೆ ಹೋಗಬಹುದು ಅಂತ ದಾರಿ ತೋರಿಸಿದವರು ಅವರೇ.

ಎಸ್‌ಎಸ್‌ಬಿಯಲ್ಲಿ ಐದು ದಿನ. 3 ನಿಮಿಷದಲ್ಲಿ 10 ಅಡೆತಡೆ ದಾಟುವ ಟಾಸ್ಕಿನಲ್ಲಿ ಎಡಗಾಲು ಒಮ್ಮೆಯೂ ಕೈಕೊಡಲಿಲ್ಲ. ನಮ್ಮ ಗುಂಪಿನಲ್ಲಿ ಆಯ್ಕೆಯಾದವನು ನಾನೊಬ್ಬನೇ. ಈಗಲೂ ಅದು ನನಗೆ ಹೆಮ್ಮೆಯೇ. ಆಮೇಲೆ ಮೆಡಿಕಲ್. ಡಾಕ್ಟರ್ ಟೇಪ್ ತೆಗೆದಾಗಲೇ ಎದೆ ಧಸಕ್ ಅಂದಿತು. ಎಡ ತೊಡೆ ಎರಡು ಸೆಂಟಿಮೀಟರ್ ಕಮ್ಮಿ. 'ತಾತ್ಕಾಲಿಕ ಅನರ್ಹ' ಅಂತ ಬರೆದರು. ಅಪೀಲ್ ಮೆಡಿಕಲ್ ಬೋರ್ಡ್ ಮುಂದೆ ನಿಲ್ಲೋಕೆ 42 ದಿನ ಇತ್ತು.

ನೇರ ಮೇಷ್ಟ್ರ ಹತ್ತಿರ ಹೋದೆ. ಆ 42 ದಿನ ಅವರು ಒಂದು ಭಾನುವಾರವನ್ನೂ ಮನೆಯಲ್ಲಿ ಕಳೆಯಲಿಲ್ಲ. ಬೆಳಗ್ಗೆ ಐದಕ್ಕೆ ಗ್ರೌಂಡಿನಲ್ಲಿ ಇರುತ್ತಿದ್ದರು. ಒಂಟಿ ಕಾಲಲ್ಲಿ ಗ್ಯಾಲರಿ ಮೆಟ್ಟಿಲು ಹತ್ತಿಸುತ್ತಾ ಪಕ್ಕದಲ್ಲೇ ತಾವೂ ಹತ್ತುತ್ತಿದ್ದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ! ಅದಕ್ಕಾಗಿ ಅವರಿಗೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಈಗ ಎಷ್ಟೋ ಕಡೆ ಪಿ.ಟಿ. ಪೀರಿಯಡ್ಡನ್ನು ಪೋರ್ಷನ್ ಮುಗಿಸೋಕೆ ಅಂತ ಬೇರೆಯವರು ಕಿತ್ತುಕೊಳ್ಳುತ್ತಾರೆ. ಕೇಳಿದಾಗ ಹೊಟ್ಟೆ ಉರಿಯುತ್ತದೆ. ಓಡದ ಮಕ್ಕಳು ಬೀಳೋದನ್ನೂ ಕಲಿಯಲ್ಲ, ಏಳೋದನ್ನೂ ಕಲಿಯಲ್ಲ, ಅಲ್ವಾ?

ಅಪೀಲಿನಲ್ಲಿ ಪಾಸಾದೆ. ಆಫೀಸರುಗಳಿಗೆ ತರಬೇತಿ ಕೊಡುವ ಚೆನ್ನೈನ ಒಟಿಎಯಲ್ಲಿ 49 ವಾರ ಟ್ರೈನಿಂಗ್, ಆಮೇಲೆ ಸೇನೆಯಲ್ಲಿ 14 ವರ್ಷ. ಅದೆಲ್ಲ ಬೇರೆ ಕಥೆ.

ಕಮಿಷನ್ ಆಗಿ, ಅಂದರೆ ಆಫೀಸರ್ ಆಗಿ ಸೇನೆ ಸೇರಿದ ಮೇಲಿನ ಮೊದಲ ರಜೆಯಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕಾಲೇಜಿಗೆ ಹೋದೆ. ಭುಜದ ಮೇಲಿನ ಎರಡು ಸ್ಟಾರನ್ನು ಮೇಷ್ಟ್ರು ನೋಡಲಿ ಅಂತ ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದೆ. ಅವರ ಕಣ್ಣು ನನ್ನ ಕಾಲಿನ ಮೇಲಿತ್ತು. "ಅವತ್ತು ಶನಿವಾರ ನೀನು ಬರಲೇ ಇಲ್ಲ ಕಣೋ, ಕೊನೇದು ಬರ್ಕೊಂಡೇ ಇಲ್ಲ" ಅಂದವರು ಕನ್ನಡಕ ಏರಿಸಿಕೊಂಡು, ಡ್ರಾಯರ್ ಎಳೆದು, ಟೇಪ್ ಹುಡುಕೋಕೆ ಶುರು ಮಾಡಿದರು.